ತ್ಯಾಗಪತ್ರ ಕೊಟ್ಟ ಮೇಲೂ ಕರೆಯುವ ಗಂಡ

ಪ್ರಶ್ನೆ: ಸ್ನೇಹಿತೆಯೊಬ್ಬಳ ಮಗಳ ಮದುವೆಗೆ ಚರ್ಚಿಗೆ ಹೋಗಿದ್ದೆ. ಅಲ್ಲಿ ಹೋಶೇಯ ಎಂಬ ಪ್ರವಾದಿಯ ಗ್ರಂಥದಿಂದ ಎರಡು ವಾಕ್ಯ ಓದಿ, ದೇವರು ಇಸ್ರಾಯೇಲರನ್ನು ಪ್ರೀತಿಸಿದ ಹಾಗೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕು ಎಂದು ಉಪದೇಶ ಮಾಡಿದರು. ಕೇಳಲು ಚೆನ್ನಾಗಿತ್ತು. ಕುತೂಹಲದಿಂದ ಆ ಗ್ರಂಥವನ್ನು ಮೊದಲಿನಿಂದ ಓದಿದಾಗ ದಿಗಿಲಾಯಿತು. ದೇವರೇ ಪ್ರವಾದಿಗೆ ನಡತೆಗೆಟ್ಟವಳನ್ನು ಮದುವೆಯಾಗು ಎನ್ನುತ್ತಾನೆ. ಹೆಂಡತಿಯನ್ನು ಬೆತ್ತಲೆ ನಿಲ್ಲಿಸುತ್ತೇನೆ ಎನ್ನುತ್ತಾನೆ. ಮರುಗಳಿಗೆ ಅವಳನ್ನು ಒಲಿಸಿಕೊಳ್ಳಲು ಹೊರಡುತ್ತಾನೆ. ಇದನ್ನು ಹೇಗೆ ಓದಬೇಕು? ನಮ್ಮ ‘ಶರಣ ಸತಿ, ಲಿಂಗ ಪತಿ’ ಭಾವವೂ ಇದೂ ಒಂದೆಯೇ? ಇಂಥ ಗಂಡನನ್ನು ಮಾದರಿ ಎನ್ನುವುದು ಸರಿಯೇ?

ಉತ್ತರ: ನಿಮ್ಮ ದಿಗಿಲು ನ್ಯಾಯವಾದದ್ದು. ಮದುವೆಯ ದಿನ ಓದುವುದಕ್ಕೆಂದು ಬರೆದ ಪುಸ್ತಕ ಅದಲ್ಲ. ಹೋಶೇಯನ ಎರಡನೆಯ ಅಧ್ಯಾಯ ಒಂದು ವಿಚ್ಛೇದನದ ವ್ಯಾಜ್ಯ. ಮಕ್ಕಳನ್ನು ಸಾಕ್ಷಿಗೆ ಕರೆದು, ತಾಯಿಯ ಮೇಲೆ ಆರೋಪ ಓದಿ ಹೇಳುವ ಗಂಡ ಅಲ್ಲಿದ್ದಾನೆ. ಹೀಬ್ರೂ ಪ್ರವಾದಿಗಳು ದೇವರ ಮದುವೆ ಎಂದಾಗ ಅವರ ಕಣ್ಣ ಮುಂದೆ ಮೊದಲು ಬರುವುದು ಒಪ್ಪಂದ: ಎರಡೂ ಕಡೆಯ ಹೊಣೆ, ಸಾಕ್ಷಿ, ಮಾತು ತಪ್ಪಿದರೆ ದಂಡ. ಒಲುಮೆ ಅದರ ಒಳಗಿಂದ ಬರುತ್ತದೆ, ಅದೂ ಬಹಳ ತಡವಾಗಿ. ಉಪದೇಶಗಳಲ್ಲಿ ಈ ಕಾನೂನಿನ ಭಾಗವನ್ನು ನಾಚಿಕೆಯಿಂದಲೋ ಸೌಜನ್ಯದಿಂದಲೋ ಕೈಬಿಡುತ್ತಾರೆ. ಕೈಬಿಟ್ಟರೆ ಉಳಿಯುವುದು ಸಕ್ಕರೆ ಪಾಕ. ಈ ರೂಪಕದ ನಿಜವಾದ ಬೆರಗು ಏನೆಂದರೆ, ಕಾನೂನಿನ ಪ್ರಕಾರ ಪೂರ್ತಿ ಗೆದ್ದಿರುವ ವಾದಿ ಕೊನೆಯಲ್ಲಿ ಆ ಕಾನೂನನ್ನೇ ಮೀರುತ್ತಾನೆ. ಅದನ್ನು ಕಾಣಬೇಕಾದರೆ ವ್ಯಾಜ್ಯವನ್ನು ಪೂರ್ತಿ ಕೇಳಲೇಬೇಕು.

ವಚನಗಳ ಹೋಲಿಕೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡ ಎಂದಾಗ ಮಾತನಾಡುವವಳು ಅಕ್ಕ. ಆಯ್ಕೆ ಅವಳದು, ವಿರಹ ಅವಳದು, ಲೋಕದ ಗಂಡಂದಿರನ್ನು ಒಲ್ಲೆನೆನ್ನುವ ಎದೆಗಾರಿಕೆಯೂ ಅವಳದು. ಉರಿಲಿಂಗದೇವನಂಥ ಗಂಡಸು ಶರಣರು ಸತಿಯಾಗಿ ಹಾಡಿದಾಗಲೂ ದನಿ ಭಕ್ತನದೇ. ಹೀಬ್ರೂ ಪ್ರವಾದನೆಯಲ್ಲಿ ಇದು ತಿರುಗುಮುರುಗು. ಮಾತನಾಡುವವನು ಗಂಡ, ಅಂದರೆ ದೇವರು. ಹೆಂಡತಿ ಒಬ್ಬ ಭಕ್ತೆಯಲ್ಲ, ಇಡೀ ಒಂದು ಜನಾಂಗ ಅಥವಾ ರಾಜಧಾನಿ: ಇಸ್ರಾಯೇಲ್, ಸಮಾರ್ಯ, ಯೆರೂಸಲೇಮ್. ಅವಳಿಗೆ ದನಿಯೇ ಇಲ್ಲವೆನ್ನಬೇಕು. ‘ನನ್ನ ಮಿಂಡರ ಹಿಂದೆ ಹೋಗುತ್ತೇನೆ’ ಎಂದು ಅವಳು ಹೇಳಿದಳೆಂದು ನಮಗೆ ತಿಳಿಸುವವನೂ ಗಂಡನೇ. ಹೋಶೇಯನ ಹೆಂಡತಿ ಗೋಮೆರ್ ಆ ಪುಸ್ತಕದಲ್ಲಿ ಒಂದೇ ಒಂದು ಮಾತನ್ನೂ ಆಡುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ದೇವರಿಗೆ ದೇವಿಯಿದ್ದಾಳೆ, ವರ್ಷಕ್ಕೊಮ್ಮೆ ಕಲ್ಯಾಣೋತ್ಸವ ನಡೆಯುತ್ತದೆ. ಇಸ್ರಾಯೇಲರ ನೆರೆಹೊರೆಯ ಕಾನಾನ್ಯರಲ್ಲೂ ಹಾಗೆಯೇ ಇತ್ತು. ಇಸ್ರಾಯೇಲಿನ ಸಾಮಾನ್ಯ ಜನರಲ್ಲೂ ಇದ್ದಿರಬಹುದು: ಸಿನಾಯ್ ಮರುಭೂಮಿಯ ಕುಂಟಿಲ್ಲೆತ್ ಅಜ್ರುದ್ ಎಂಬಲ್ಲಿ 1975–76ರಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕ ದೊಡ್ಡ ಜಾಡಿಯೊಂದರ ಮೇಲೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರ’ ಹೆಸರಿನಲ್ಲಿ ಹರಸುವ ಬರಹವಿದೆ. ಯೆಹೋವ ಎಂಬುದು ಇಸ್ರಾಯೇಲರ ದೇವರ ಹೆಸರು. ಅದು ಕ್ರಿ.ಪೂ. 800ರ ಸುಮಾರಿನದು, ಹೋಶೇಯನಿಗಿಂತ ಎರಡು ತಲೆಮಾರು ಹಿಂದಿನದು. ಅಶೇರ ಎಂದರೆ ಅಲ್ಲಿ ದೇವಿಯೋ, ಪೂಜೆಯ ಕಂಬವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಪ್ರವಾದಿಗಳ ನಿಲುವಿನಲ್ಲಿ ಮಾತ್ರ ಗೊಂದಲವಿಲ್ಲ. ಅವರ ಯೆಹೋವನಿಗೆ ದೇವಿಯಿಲ್ಲ. ದೇವಿ ಕೂರಬೇಕಾದ ಜಾಗದಲ್ಲಿ ಅವರು ಜನರನ್ನು ತಂದು ಕೂರಿಸಿದರು. ಆ ಸ್ಥಾನದ ಗೌರವವೂ ಅಪಾಯವೂ ಎರಡೂ ಜನರ ಪಾಲಿಗೆ ಬಂದದ್ದು ಹೀಗೆ.

ಈಗ ಹೋಶೇಯನ ಕಾಲಕ್ಕೆ ಬರೋಣ. ಇಸ್ರಾಯೇಲರ ಉತ್ತರ ರಾಜ್ಯ. ಎರಡನೆಯ ಯಾರೊಬ್ಬಾಮನ ಆಳ್ವಿಕೆಯ ಕೊನೆಗಾಲ, ಅಂದರೆ ಕ್ರಿ.ಪೂ. 750ರ ಆಸುಪಾಸು. ಅವನು ಸತ್ತ ಮೇಲೆ ಸಿಂಹಾಸನ ಕಸಾಯಿಖಾನೆಯಾಯಿತು. ಅವನ ಮಗ ಜೆಕರ್ಯ ಆರು ತಿಂಗಳಿಗೆ ಕೊಲೆಯಾದ. ಕೊಂದ ಶಲ್ಲೂಮ ಒಂದೇ ತಿಂಗಳು ಆಳಿ ಕೊಲೆಯಾದ. ಅವನನ್ನು ಕೊಂದ ಮೆನಹೇಮ ಅಶ್ಶೂರದ (ಅಸ್ಸೀರಿಯ ಸಾಮ್ರಾಜ್ಯದ) ದೊರೆಗೆ ಸಾವಿರ ತಲಾಂತು ಬೆಳ್ಳಿ ಕಪ್ಪ ಕೊಟ್ಟು ಪಟ್ಟ ಉಳಿಸಿಕೊಂಡ. ಅವನ ಮಗ ಪೆಕಹ್ಯನನ್ನು ಪೆಕಹ ಕೊಂದ. ಪೆಕಹನನ್ನು ಕೊನೆಯ ಅರಸ ಕೊಂದ. ಈ ಗದ್ದಲದಲ್ಲಿ ರಾಯಭಾರಿಗಳು ಒಮ್ಮೆ ಐಗುಪ್ತಕ್ಕೆ (ಈಜಿಪ್ಟಿಗೆ), ಒಮ್ಮೆ ಅಶ್ಶೂರಕ್ಕೆ ಓಡುತ್ತಿದ್ದರು. ಬುದ್ಧಿಯಿಲ್ಲದ ಪಾರಿವಾಳದ ಹಾಗೆ ಎಂದು ಹೋಶೇಯ ಹಂಗಿಸುತ್ತಾನೆ. ಕ್ರಿ.ಪೂ. 722ರಲ್ಲಿ ರಾಜಧಾನಿ ಸಮಾರ್ಯ ಬಿತ್ತು, ರಾಜ್ಯ ಅಳಿಯಿತು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಹೋಶೇಯನ ಬಾಯಲ್ಲಿ ‘ಮಿಂಡರು’ ಎಂದರೆ ಬರಿಯ ಅನ್ಯದೇವತೆಗಳಲ್ಲ. ಎಂಟನೆಯ ಅಧ್ಯಾಯದಲ್ಲಿ ಇಸ್ರಾಯೇಲು ಅಶ್ಶೂರದ ಬಾಗಿಲಿಗೆ ಹೋಗಿ ಹಣ ಕೊಟ್ಟು ಮಿಂಡರನ್ನು ಗೊತ್ತುಮಾಡಿಕೊಂಡಿತು ಎನ್ನುತ್ತಾನೆ. ಆ ಕಾಲದಲ್ಲಿ ಸಾಮ್ರಾಟನೊಡನೆ ಒಪ್ಪಂದ ಮಾಡಿಕೊಂಡ ಸಾಮಂತ ಅವನನ್ನು ‘ಪ್ರೀತಿಸುತ್ತೇನೆ’ ಎಂದು ಆಣೆಯಿಡಬೇಕಿತ್ತು. ಕ್ರಿ.ಪೂ. 672ರಲ್ಲಿ ಅಶ್ಶೂರದ ಏಸರ್‌ಹದ್ದೋನ್ ಬರೆಸಿದ ಒಪ್ಪಂದಗಳಲ್ಲಿ, ನನ್ನ ಮಗ ಅಶ್ಶೂರ್‌ಬನಿಪಾಲನನ್ನು ನಿಮ್ಮ ಪ್ರಾಣದಂತೆ ಪ್ರೀತಿಸಬೇಕು ಎಂಬ ಕರಾರೇ ಇದೆ. ಪ್ರೀತಿ ಎಂಬುದು ರಾಜಕೀಯ ನಿಷ್ಠೆಯ ಮಾತು. ಒಬ್ಬನಿಗೆ ನಿಷ್ಠೆಯ ಆಣೆಯಿಟ್ಟು ಇನ್ನೊಬ್ಬನ ಅರಮನೆಗೆ ಗುಟ್ಟಾಗಿ ಎಣ್ಣೆ ಕಳುಹಿಸುವವನನ್ನು ಏನೆಂದು ಕರೆಯಬೇಕು? ಹೋಶೇಯ ಹಾದರ ಎಂದು ಕರೆದ. ಜನರಿಗೆ ಅರ್ಥವಾಗುವುದಕ್ಕೆ ಅದಕ್ಕಿಂತ ನೇರವಾದ ಮಾತು ಬೇಕಿರಲಿಲ್ಲ.

ಮದುವೆ ನಿಜವಾಗಿ ನಡೆಯಿತೇ ಎಂಬ ಪ್ರಶ್ನೆ ಹಳೆಯದು. ದೇವರು ಇಂಥ ಆಜ್ಞೆ ಕೊಡಲಾರನೆಂದು ಸಂಕೋಚಪಟ್ಟ ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರರಲ್ಲಿ ಕೆಲವರು ಅದನ್ನು ಪ್ರವಾದಿ ಕಂಡ ದರ್ಶನ ಎಂದರು. ನನ್ನ ಮಟ್ಟಿಗೆ ನಡೆಯಿತು ಎನ್ನುವುದೇ ಸರಿ. ಗೋಮೆರ್, ದಿಬ್ಲಯಿಮನ ಮಗಳು ಎಂಬ ಹೆಸರಿಗೆ ಸಾಂಕೇತಿಕ ಅರ್ಥ ಹಚ್ಚಲು ಎಷ್ಟು ತಿಣುಕಿದರೂ ಸರಿಯಾಗಿ ಕೂರುವುದಿಲ್ಲ. ಕತೆ ಕಟ್ಟುವವನಾದರೆ ಅರ್ಥವಿರುವ ಹೆಸರನ್ನೇ ಇಡುತ್ತಿದ್ದ. ಮಕ್ಕಳ ಹೆಸರುಗಳಲ್ಲಂತೂ ಅರ್ಥ ತುಂಬಿ ತುಳುಕುತ್ತದೆ: ಮೊದಲನೆಯವನು ಇಜ್ರೇಲ್, ಯೇಹು ಅರಸ ಕಗ್ಗೊಲೆ ನಡೆಸಿದ ಊರಿನ ಹೆಸರು, ಎರಡನೆಯವಳು ಕರುಣೆ ಸಿಗದವಳು, ಮೂರನೆಯವನು ನನ್ನ ಜನವಲ್ಲ. ಬೀದಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕೂಗಿದಾಗಲೆಲ್ಲ ಊರಿಗೆ ಕೇಳಿಸುತ್ತಿದ್ದದ್ದು ಒಂದು ತೀರ್ಪು. ಇನ್ನೊಂದು ಸೂಕ್ಷ್ಮವಿದೆ. ಮೊದಲ ಮಗುವಿನ ವಿಷಯದಲ್ಲಿ ಗೋಮೆರ್ ‘ಅವನಿಗೆ’ ಮಗನನ್ನು ಹೆತ್ತಳು ಎಂದಿದೆ. ಉಳಿದ ಇಬ್ಬರ ವಿಷಯದಲ್ಲಿ ‘ಹೆತ್ತಳು’ ಎಂದಷ್ಟೇ ಇದೆ. ಗ್ರಂಥಕರ್ತ ಹೇಳದೆ ಹೇಳಿದ್ದಾನೋ, ಸುಮ್ಮನೆ ಬಿಟ್ಟಿದ್ದಾನೋ, ನೀವೇ ಓದಿ ನೋಡಿ. ಅವಳು ಮದುವೆಗೆ ಮೊದಲೇ ವೇಶ್ಯೆಯಾಗಿದ್ದಳೆಂದು ಹಲವರು ಹೇಳುವುದಕ್ಕೆ ಗಟ್ಟಿ ಆಧಾರವಿಲ್ಲ. ಆ ವೃತ್ತಿಯವರಿಗೆ ಹೀಬ್ರೂವಿನಲ್ಲಿ ಬಳಸುವ ನೇರ ಪದ ಅಲ್ಲಿ ಬಂದಿಲ್ಲ.

ವ್ಯಾಜ್ಯದ ಆರಂಭವನ್ನು ನೋಡಿ. ‘ಅವಳು ನನ್ನ ಹೆಂಡತಿಯಲ್ಲ, ನಾನು ಅವಳ ಗಂಡನಲ್ಲ.’ ಇದು ಸಿಟ್ಟಿನ ಬೈಗುಳವೆಂದು ತೋರಬಹುದು, ಆದರೆ ಕಾಗದದ ಭಾಷೆ. ಐಗುಪ್ತದಲ್ಲಿ ನೈಲ್ ನದಿಯ ನಡುವೆ, ಅಸ್ವಾನಿನ ಬಳಿ ಎಲಿಫೆಂಟೈನ್ ಎಂಬ ದ್ವೀಪವಿದೆ. ಕ್ರಿ.ಪೂ. 5ನೆಯ ಶತಮಾನದಲ್ಲಿ ಪಾರಸಿಯ ಅರಸರ ಕೆಳಗೆ ಯೆಹೂದಿ ಸೈನಿಕರ ಪಾಳೆಯವೊಂದು ಅಲ್ಲಿತ್ತು. ಅವರ ಮದುವೆಯ ಕರಾರುಪತ್ರಗಳು ಮರಳಿನ ದಯೆಯಿಂದ ಉಳಿದು ಬಂದಿವೆ. ಅವುಗಳಲ್ಲಿ ವರ ಹೇಳುವ ವಾಕ್ಯ: ‘ಇವಳು ನನ್ನ ಹೆಂಡತಿ, ನಾನು ಇವಳ ಗಂಡ, ಇಂದಿನಿಂದ ಎಂದೆಂದಿಗೂ.’ ಹೋಶೇಯನ ವಾಕ್ಯ ಇದರ ನಿಷೇಧರೂಪ. ಅಂದಹಾಗೆ ಆ ಪತ್ರಗಳಲ್ಲಿ ಹೆಂಡತಿಯೂ ಸಭೆಯಲ್ಲಿ ಎದ್ದು ನಿಂತು ‘ಈ ಗಂಡನನ್ನು ದ್ವೇಷಿಸುತ್ತೇನೆ’ ಎಂದು ಸಾರಿ, ಗೊತ್ತಾದ ಬೆಳ್ಳಿಯನ್ನು ತೂಗಿಕೊಟ್ಟು, ತನ್ನ ಒಡವೆ ವಸ್ತ್ರ ತೆಗೆದುಕೊಂಡು ಇಷ್ಟ ಬಂದಲ್ಲಿಗೆ ಹೋಗಬಹುದಿತ್ತು. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಇದು.

ನಿಮ್ಮನ್ನು ಕಂಗೆಡಿಸಿದ ಬಟ್ಟೆಯ ಪ್ರಸಂಗವೂ ಇದೇ ಲೆಕ್ಕದಲ್ಲಿ ಬರುತ್ತದೆ. ಬೈಬಲಿನ ವಿಮೋಚನಕಾಂಡದ ಕಟ್ಟಳೆಯಂತೆ, ದಾಸಿಯಾಗಿ ಬಂದ ಹೆಂಡತಿಗೂ ಅನ್ನ, ಬಟ್ಟೆ, ದಾಂಪತ್ಯದ ಹಕ್ಕನ್ನು ಗಂಡ ಕಡಿಮೆ ಮಾಡುವಂತಿಲ್ಲ. ಈ ವ್ಯಾಜ್ಯದ ಹೆಂಡತಿ ಹೇಳಿದಳೆಂದು ಗಂಡ ತಿಳಿಸುವುದೇನು? ನನ್ನ ಅನ್ನ, ನೀರು, ಉಣ್ಣೆ, ನಾರು, ಎಣ್ಣೆ ಎಲ್ಲವನ್ನೂ ಕೊಡುವವರು ಮಿಂಡರು ಎಂದು. ಮಳೆಯನ್ನೇ ನಂಬಿದ ಸಮಾರ್ಯದ ಗುಡ್ಡಗಾಡಿನಲ್ಲಿ ಮಳೆ ಸುರಿಸುವವನು ಬಾಳನೆಂಬ ಕಾನಾನ್ಯರ ದೇವರೆಂದು ರೈತರು ನಂಬಿದ್ದರು. 1929ರಿಂದ ಸಿರಿಯಾದ ಉಗಾರಿತ್‌ನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಬಾಳ ಮೋಡವನ್ನೇರಿ ಬರುವ ದೇವರು. ಅದಕ್ಕೆ ಗಂಡನ ಉತ್ತರ: ಜೀವನಾಂಶ ಕೊಡುತ್ತಿದ್ದವನು ನಾನು, ಈಗ ನನ್ನ ಉಣ್ಣೆಯನ್ನೂ ನಾರನ್ನೂ ಹಿಂತೆಗೆದುಕೊಳ್ಳುತ್ತೇನೆ, ಮೈ ಮುಚ್ಚುವುದಕ್ಕೆ ಏನು ಉಳಿಯುತ್ತದೋ ನೋಡಲಿ. ಅಂದರೆ ಬರಗಾಲ, ಸೋಲು, ಬರಿದಾದ ಹೊಲ. ಇದನ್ನು ತಿಳಿದ ಮೇಲೆ ಆ ಚಿತ್ರ ಹಿತವಾಗುತ್ತದೆಂದು ನಾನು ಹೇಳುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ಅಧ್ಯಾಯದ ಕಟ್ಟು ಅದ್ಭುತವಾದದ್ದು. ‘ಆದಕಾರಣ’ ಎಂದು ಗಂಡ ಮೂರು ಸಲ ತೀರ್ಪು ಹೇಳುತ್ತಾನೆ. ಮೊದಲನೆಯದು: ಆದಕಾರಣ ಅವಳ ದಾರಿಗೆ ಮುಳ್ಳುಬೇಲಿ ಹಾಕುತ್ತೇನೆ. ಎರಡನೆಯದು: ಆದಕಾರಣ ಕೊಟ್ಟದ್ದನ್ನು ಕಿತ್ತುಕೊಳ್ಳುತ್ತೇನೆ. ಅವಳು ಬಾಳರ ಹಬ್ಬಗಳಿಗೆ ಮೂಗುತಿ, ಒಡವೆ ತೊಟ್ಟು ಹೋದಳು, ನನ್ನನ್ನು ಮರೆತಳು ಎಂಬ ದೂರು ಮುಗಿಯುತ್ತದೆ. ಮೂರನೆಯ ‘ಆದಕಾರಣ’ಕ್ಕೆ ಕೇಳುಗರು ಮರಣದಂಡನೆಯನ್ನೇ ಕಾಯುತ್ತಿರುತ್ತಾರೆ, ಹಾದರಕ್ಕೆ ಮೋಶೆಯ ಧರ್ಮಶಾಸ್ತ್ರದಲ್ಲಿ ಇದ್ದ ಶಿಕ್ಷೆ ಅದು. ಬರುವ ಮಾತು: ಆದಕಾರಣ ಅವಳನ್ನು ಒಲಿಸುತ್ತೇನೆ, ಅರಣ್ಯಕ್ಕೆ ಕರೆದೊಯ್ದು ಹೃದಯಕ್ಕೆ ಮುಟ್ಟುವಂತೆ ಮಾತನಾಡುತ್ತೇನೆ, ಆಕೋರಿನ ಕಣಿವೆಯನ್ನು ನಿರೀಕ್ಷೆಯ ಬಾಗಿಲಾಗಿ ಮಾಡುತ್ತೇನೆ. ಆಕೋರ್ ಎಂದರೆ ಕಾನಾನಿಗೆ ಕಾಲಿಟ್ಟ ಹೊಸದರಲ್ಲಿ ಲೂಟಿ ಬಚ್ಚಿಟ್ಟ ಆಕಾನನನ್ನು ಕಲ್ಲೆಸೆದು ಕೊಂದ ಜಾಗ. ತರ್ಕಕ್ಕೆ ಕೂಡದ ‘ಆದಕಾರಣ’ ಇದು. ಅಪರಾಧದಿಂದ ಕ್ಷಮೆ ಹುಟ್ಟುವುದಕ್ಕೆ ಕಾರಣವೇ ಇಲ್ಲ. ಆದರೂ ಪ್ರವಾದಿ ಅದೇ ಪದವನ್ನು ಬಳಸುತ್ತಾನೆ.

ಬಾಳ ಎಂಬುದು ದೇವರ ಹೆಸರಾಗುವುದಕ್ಕೆ ಮೊದಲು ‘ಒಡೆಯ’, ‘ಗಂಡ’ ಎಂಬ ಮಾಮೂಲಿ ಮಾತು. ಸಮಾರ್ಯದ ಅರಮನೆಯ ಅಂಗಳದಲ್ಲಿ 1910ರಲ್ಲಿ ಸಿಕ್ಕ ಬರಹವಿರುವ ಮಡಕೆ ಚೂರುಗಳಲ್ಲಿ ಬಾಳನ ಹೆಸರು ಸೇರಿದ ಜನರೂ ಯೆಹೋವನ ಹೆಸರು ಸೇರಿದ ಜನರೂ ಒಟ್ಟೊಟ್ಟಿಗೆ ಎಣ್ಣೆ, ದ್ರಾಕ್ಷಾರಸ ಒಪ್ಪಿಸುತ್ತಾರೆ. ಮುಂದೆ ನೀನು ನನ್ನನ್ನು ‘ನನ್ನ ಬಾಳ’ ಎನ್ನುವುದಿಲ್ಲ, ‘ನನ್ನ ಪುರುಷ’ ಎನ್ನುವೆ ಎಂದು ಹೋಶೇಯನ ದೇವರು ಹೇಳುವುದು ಈ ಕಲಸುಮೇಲೋಗರಕ್ಕೆ ಕೊಟ್ಟ ಪೆಟ್ಟು. ಒಡೆತನದ ಮಾತು ಬಿದ್ದುಹೋಗಿ ಜೊತೆಯ ಮಾತು ಉಳಿಯುತ್ತದೆ ಎಂಬ ಧ್ವನಿಯೂ ಅದರಲ್ಲಿದೆ.

ಆಮೇಲೆ ಬರುವುದು ನೀವು ಚರ್ಚಿನಲ್ಲಿ ಕೇಳಿರಬಹುದಾದ ಎರಡು ವಾಕ್ಯಗಳು: ನೀತಿ, ನ್ಯಾಯ, ಪ್ರೀತಿ, ದಯೆಗಳಿಂದ ನಿನ್ನನ್ನು ಸದಾಕಾಲಕ್ಕೆ ವರಿಸುತ್ತೇನೆ, ನಂಬಿಗಸ್ತಿಕೆಯಿಂದ ವರಿಸುತ್ತೇನೆ. ಕೇಳುವುದಕ್ಕೆ ಸದ್ಗುಣಗಳ ಪಟ್ಟಿಯಂತಿದೆ. ಆದರೆ ಹಳೆಯ ಇಸ್ರಾಯೇಲಿನಲ್ಲಿ ಹೆಣ್ಣಿಗೆ ತೆರ ಕೊಡಬೇಕಿತ್ತು, ನಮ್ಮ ಹಳ್ಳಿಗಳಲ್ಲಿ ವರದಕ್ಷಿಣೆ ನುಗ್ಗುವ ಮೊದಲು ಹಲವು ಸಮುದಾಯಗಳಲ್ಲಿ ಇದ್ದ ಹಾಗೆ. ದಾವೀದನು ಸೌಲನ ಮಗಳು ಮೀಕಲಳನ್ನು ನೂರು ಫಿಲಿಷ್ಟಿಯರ ಮುಂದೊಗಲಿಗೆ ವರಿಸಿದೆ ಎನ್ನುವಾಗ ಬರುವ ವಾಕ್ಯರಚನೆಯೇ ಹೋಶೇಯನಲ್ಲೂ ಇದೆ. ಆದ್ದರಿಂದ ನೀತಿ, ನ್ಯಾಯ, ಪ್ರೀತಿ, ದಯೆ, ನಂಬಿಗಸ್ತಿಕೆ ಇಲ್ಲಿ ತೆರ, ವರ ಎಣಿಸಿಡುವ ಬೆಳ್ಳಿಯ ಜಾಗದಲ್ಲಿ ಇರುವವು ಎಂದು ಹಲವು ವಿದ್ವಾಂಸರು ಓದುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ. ತೆರ ಪಡೆಯುವ ತಂದೆ ಈ ಮದುವೆಯಲ್ಲಿ ಇಲ್ಲ. ಕೊಟ್ಟದ್ದು ಮದುಮಗಳ ಕೈಗೇ ಸೇರಬೇಕು. ಇಂದಿಗೂ ಸಂಪ್ರದಾಯಸ್ಥ ಯೆಹೂದಿಗಳು ಬೆಳಗಿನ ಪ್ರಾರ್ಥನೆಗೆ ತೆಫಿಲಿನ್ (ಶಾಸ್ತ್ರವಾಕ್ಯಗಳಿರುವ ತೊಗಲಿನ ಪುಟ್ಟ ಪೆಟ್ಟಿಗೆ) ಕಟ್ಟಿಕೊಳ್ಳುವಾಗ ಅದರ ತೊಗಲಿನ ಪಟ್ಟಿಯನ್ನು ನಡುಬೆರಳಿಗೆ ಮೂರು ಸುತ್ತು ಸುತ್ತುತ್ತಾ ಹೇಳುವುದು ಇದೇ ವಾಕ್ಯಗಳನ್ನು.

ಮೂರನೆಯ ಅಧ್ಯಾಯ ಐದೇ ವಾಕ್ಯ. ಹೋಶೇಯ ಹದಿನೈದು ಶೆಕೆಲ್ ಬೆಳ್ಳಿಗೂ ಒಂದೂವರೆ ಹೋಮೆರ್ ಜವೆಗೋದಿಗೂ ಒಬ್ಬ ಹೆಂಗಸನ್ನು ಕೊಂಡು ತರುತ್ತಾನೆ. ಅವಳು ಗೋಮೆರಳೇ ಎಂದು ಬಹುಪಾಲು ಓದುಗರು ತಿಳಿಯುತ್ತಾರೆ, ಹೆಸರು ಇಲ್ಲ. ಯಾರಿಂದ ಕೊಂಡ, ಅವಳು ಯಾರ ಸಾಲಕ್ಕೆ ಬಿದ್ದಿದ್ದಳು, ಏನೂ ಹೇಳಿಲ್ಲ. ಬೆಳ್ಳಿ ಸಾಲದೆ ಕಣಜದ ಧಾನ್ಯವನ್ನೂ ಅಳೆದು ಕೊಟ್ಟ ಎಂಬ ವಿವರ ಮಾತ್ರ ಇದೆ. ಸಿರಿವಂತ ಗಂಡ ಹಾಗೆ ಮಾಡುವುದಿಲ್ಲ.

ಈಗ ಕಾನೂನಿನ ಗಂಟು. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ಕಟ್ಟಳೆ ಹೀಗಿದೆ: ಒಬ್ಬನು ಹೆಂಡತಿಗೆ ತ್ಯಾಗಪತ್ರ, ಅಂದರೆ ವಿಚ್ಛೇದನದ ಪತ್ರ, ಬರೆದುಕೊಟ್ಟು ಕಳುಹಿಸಿ, ಅವಳು ಇನ್ನೊಬ್ಬನನ್ನು ಮದುವೆಯಾಗಿ, ಆ ಎರಡನೆಯವನೂ ಬಿಟ್ಟರೆ ಅಥವಾ ಸತ್ತರೆ, ಮೊದಲನೆಯವನು ಅವಳನ್ನು ಮತ್ತೆ ಸೇರಿಸಿಕೊಳ್ಳಕೂಡದು, ಅದು ದೇಶವನ್ನೇ ಹೊಲೆಗೆಡಿಸುವ ಕೆಲಸ. ಸಮಾರ್ಯ ಬಿದ್ದು ನೂರು ವರ್ಷವಾದ ಮೇಲೆ, ಯೋಷೀಯ ಅರಸನ ಕಾಲದ ಯೆರೂಸಲೇಮಿನಲ್ಲಿ ಪ್ರವಾದಿ ಯೆರೆಮೀಯ ಈ ಕಟ್ಟಳೆಯನ್ನೇ ಎತ್ತಿಕೊಳ್ಳುತ್ತಾನೆ. ಅವನ ಮೂರನೆಯ ಅಧ್ಯಾಯ ಶುರುವಾಗುವುದು ಅಲ್ಲಿಂದ: ಗಂಡ ಬಿಟ್ಟವಳು ಇನ್ನೊಬ್ಬನ ಕೈಹಿಡಿದರೆ ಅವನು ತಿರುಗಿ ಅವಳ ಬಳಿಗೆ ಹೋಗುವನೇ? ದೇಶ ಕೆಟ್ಟುಹೋಗುವುದಿಲ್ಲವೇ? ನೀನೋ, ಒಬ್ಬನಲ್ಲ, ಎಷ್ಟೋ ಮಿಂಡರ ಸಂಗ ಮಾಡಿದವಳು. ಕೆಲವು ವಾಕ್ಯಗಳಾದ ಮೇಲೆ ಇನ್ನೂ ಬಿಗಿ: ಉತ್ತರದ ಇಸ್ರಾಯೇಲಿಗೆ ನಾನು ತ್ಯಾಗಪತ್ರ ಕೊಟ್ಟೇ ಕಳುಹಿಸಿದೆ, ಅವಳ ತಂಗಿ, ಅಂದರೆ ಯೆರೂಸಲೇಮು ರಾಜಧಾನಿಯಾಗಿದ್ದ ದಕ್ಷಿಣದ ಯೆಹೂದ ರಾಜ್ಯ, ಅದನ್ನು ನೋಡಿಯೂ ಹೆದರಲಿಲ್ಲ. ಪತ್ರ ಬರೆದಾಗಿದೆ, ಕೊಟ್ಟಾಗಿದೆ, ದೇಶಭ್ರಷ್ಟತೆ ನಡೆದಾಗಿದೆ. ಕಾನೂನಿನ ಮಟ್ಟಿಗೆ ಬಾಗಿಲು ಮುಚ್ಚಿದೆ. ಅದಾದ ನಾಲ್ಕೇ ವಾಕ್ಯಕ್ಕೆ ದೇವರು ಪ್ರವಾದಿಯನ್ನು ಉತ್ತರ ದಿಕ್ಕಿಗೆ ಮುಖಮಾಡಿ ಕೂಗಲು ಹೇಳುತ್ತಾನೆ: ತಿರುಗಿ ಬಾ, ನಾನು ಸಿಟ್ಟಿನ ಮುಖ ಮಾಡುವುದಿಲ್ಲ, ನಿನ್ನ ತಪ್ಪನ್ನು ಒಪ್ಪಿಕೊಂಡರೆ ಸಾಕು.

ಒಡಂಬಡಿಕೆಯ ಪ್ರೀತಿ ಎಂದು ನಾವು ಸಲೀಸಾಗಿ ಹೇಳುವ ಮಾತಿನ ತೂಕ ಇಲ್ಲಿದೆ. ದೇವರು ತಾನು ಕೊಟ್ಟ ಕಟ್ಟಳೆಯನ್ನು ಮೊದಲು ಓದಿ ಹೇಳಿ, ಅದರಂತೆ ಇದು ಅಸಾಧ್ಯವೆಂದು ಒಪ್ಪಿ, ಆಮೇಲೆ ಕರೆಯುತ್ತಾನೆ. ಕಾನೂನು ತಪ್ಪು ಎಂದು ಯೆರೆಮೀಯ ಎಲ್ಲಿಯೂ ಹೇಳುವುದಿಲ್ಲ. ಕಾನೂನನ್ನು ಸಡಿಲಿಸಿದ ವಿವರಣೆಯನ್ನೂ ಕೊಡುವುದಿಲ್ಲ. ಮುಂದೆ 31ನೆಯ ಅಧ್ಯಾಯದಲ್ಲಿ, ನಾನು ಅವರ ಪತಿಯಾಗಿದ್ದರೂ ಅವರು ನನ್ನ ಒಡಂಬಡಿಕೆಯನ್ನು ಮುರಿದರು, ಇನ್ನು ಹೊಸದೊಂದನ್ನು ಮಾಡಿ ಅವರ ಹೃದಯದ ಮೇಲೆ ಬರೆಯುತ್ತೇನೆ ಎನ್ನುವಾಗಲೂ ಹಳೆಯ ಪತ್ರ ಹರಿದುಹೋದದ್ದೆಂದು ಅವನು ಒಪ್ಪುತ್ತಾನೆ. ದುರಸ್ತಿಗೆ ಅವಕಾಶವಿಲ್ಲ, ಮತ್ತೆ ಮದುವೆಯೇ ಆಗಬೇಕು.

ಯೆಹೂದದ ಜನರನ್ನು ಸೆರೆಯೊಯ್ದಿದ್ದ ಬ್ಯಾಬಿಲೋನಿನ ಆ ಸೆರೆಯ ಕೊನೆಗಾಲದಲ್ಲಿ, ಅಂದರೆ ಕ್ರಿ.ಪೂ. 540ರ ಸುಮಾರಿಗೆ, ಯೆಶಾಯ ಗ್ರಂಥದ ಎರಡನೆಯ ಭಾಗವನ್ನು ಬರೆದ ಪ್ರವಾದಿ ಇದೇ ಗಂಟನ್ನು ಬೇರೆ ರೀತಿ ಬಿಡಿಸುತ್ತಾನೆ. ನಿಮ್ಮ ತಾಯಿಗೆ ಕೊಟ್ಟೆನೆನ್ನುವ ತ್ಯಾಗಪತ್ರ ಎಲ್ಲಿದೆ, ತೋರಿಸಿ ಎಂದು ಸವಾಲು ಹಾಕುತ್ತಾನೆ. ಪತ್ರವೇ ಇಲ್ಲವೆಂದ ಮೇಲೆ ನಿಷೇಧವೂ ಇಲ್ಲ. ಯೆರೆಮೀಯ ಕೊಟ್ಟಾಗಿದೆ ಎಂದದ್ದು ಉತ್ತರದ ರಾಜ್ಯಕ್ಕೆ, ಇವನು ಕೇಳುವುದು ಯೆರೂಸಲೇಮಿನ ಬಗ್ಗೆ ಎಂದು ಇಬ್ಬರನ್ನೂ ರಾಜಿ ಮಾಡಿಸುವವರಿದ್ದಾರೆ. ನನಗೆ ರಾಜಿ ಬೇಡ. ಒಂದೇ ಬೈಬಲಿನಲ್ಲಿ ಇಬ್ಬರು ಪ್ರವಾದಿಗಳು ಒಂದು ದಸ್ತಾವೇಜು ಇದೆಯೋ ಇಲ್ಲವೋ ಎಂದು ವಾದಿಸುತ್ತಿರುವುದೇ ಸ್ವಾರಸ್ಯ. 54ನೆಯ ಅಧ್ಯಾಯದಲ್ಲಿ ಇವನ ದೇವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ: ಕ್ಷಣಮಾತ್ರ ನಿನ್ನನ್ನು ಬಿಟ್ಟಿದ್ದೆ, ಸಿಟ್ಟಿನ ಭರದಲ್ಲಿ ಮುಖ ಮರೆಸಿಕೊಂಡೆ. ಹೆಂಡತಿಯ ತಪ್ಪಿನ ಪಟ್ಟಿ ಇಲ್ಲಿಲ್ಲ. ಬಿಟ್ಟವನು ನಾನು ಎಂದು ಗಂಡ ತನ್ನ ಬಾಯಿಂದಲೇ ಹೇಳುತ್ತಾನೆ. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಬೇಕಿದ್ದದ್ದು ಆ ಮಾತು.

ಬ್ಯಾಬಿಲೋನಿನ ಸೆರೆಯಲ್ಲಿದ್ದ ಪ್ರವಾದಿ ಯೆಹೆಜ್ಕೇಲನಿಗೆ ಬಂದರೆ ಹೂವಿನ ಮಾತೆಲ್ಲ ಮುಗಿಯಿತು. ಅವನ 16ನೆಯ ಅಧ್ಯಾಯದ ಆರಂಭ ಮಾತ್ರ ಯಾರನ್ನೂ ಕರಗಿಸುತ್ತದೆ. ಯೆರೂಸಲೇಮು ಹುಟ್ಟಿದ ದಿನವೇ ಬಯಲಿನಲ್ಲಿ ಎಸೆದ ಹೆಣ್ಣು ಕೂಸು. ಹೊಕ್ಕುಳಬಳ್ಳಿ ಕೊಯ್ದಿಲ್ಲ, ನೀರಲ್ಲಿ ತೊಳೆದಿಲ್ಲ, ಉಪ್ಪು ಸವರಿಲ್ಲ, ಬಟ್ಟೆ ಸುತ್ತಿಲ್ಲ. ದಾರಿಹೋಕನಾದ ದೇವರು ರಕ್ತದಲ್ಲಿ ಒದ್ದಾಡುವ ಅದನ್ನು ನೋಡಿ ‘ಬದುಕು’ ಎನ್ನುತ್ತಾನೆ. ಪ್ರಾಯಕ್ಕೆ ಬಂದಾಗ ತನ್ನ ಮೇಲುಹೊದಿಕೆಯ ಸೆರಗನ್ನು ಅವಳ ಮೇಲೆ ಹಾಸಿ, ಆಣೆಯಿಟ್ಟು, ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಬೈಬಲಿನ ಇನ್ನೊಂದು ಕತೆಯಲ್ಲಿ ರೂತಳು ಕಣದಲ್ಲಿ ಬೋವಜನನ್ನು ಮದುವೆಗೆ ಕೇಳುವುದೂ ಇದನ್ನೇ, ನಿನ್ನ ಸೆರಗನ್ನು ನನ್ನ ಮೇಲೆ ಹಾಸು ಎಂದು. ಇಲ್ಲಿಂದ ಮುಂದಿನದು ಓದಲು ಕಷ್ಟ. ಅವಳ ವ್ಯಭಿಚಾರ, ಆಮೇಲೆ ಜನರ ಗುಂಪಿನ ಮುಂದೆ ಬೆತ್ತಲೆ, ಕಲ್ಲೇಟು, ಕತ್ತಿ. 23ನೆಯ ಅಧ್ಯಾಯದಲ್ಲಿ ಸಮಾರ್ಯ, ಯೆರೂಸಲೇಮುಗಳ ಪರವಾಗಿ ನಿಲ್ಲುವ ಒಹೊಲಾ, ಒಹೊಲೀಬಾ ಎಂಬ ಅಕ್ಕತಂಗಿಯರ ಕತೆ ಇನ್ನೂ ಹೇಸಿಗೆಯದು. ಸಭೆಯಲ್ಲಿ ಇವನ್ನು ಓದಬಹುದೇ ಎಂದು ಹಳೆಯ ರಬ್ಬಿಗಳೇ (ಯೆಹೂದಿ ಧರ್ಮಗುರುಗಳೇ) ಅನುಮಾನಪಟ್ಟಿದ್ದಾರೆ. 16ನೆಯ ಅಧ್ಯಾಯ ಬೇಡವೆಂದು ರಬ್ಬಿ ಎಲಿಯೇಜರ್ ಹೇಳಿದ್ದು ಯೆಹೂದಿ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲೇ ದಾಖಲಾಗಿದೆ.

ಯಾರಿಗೆ ಹೇಳಿದ ಮಾತು ಇದು? ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿಗೆ ಒಯ್ದ ಅಧಿಕಾರಿಗಳು, ಯಾಜಕರು, ಸೈನಿಕರು, ಅಂದರೆ ಗಂಡಸರೇ ಮುಖ್ಯ ಕೇಳುಗರು. ಆ ಮಾನವಂತ ಗಂಡಸರನ್ನು ಹಾದರಗಿತ್ತಿ ಎಂದು ಕರೆದು ನಾಚಿಸುವುದು ಪ್ರವಾದಿಯ ಉದ್ದೇಶ. ಆದರೆ ಬೆಲೆ ತೆತ್ತವರು ಹೆಂಗಸರು. ತಪ್ಪು ಮಾಡಿದ ಹೆಂಡತಿಯ ಮೈ ಮೇಲೆ ಗಂಡನಿಗೆ ಇಂಥ ಹಕ್ಕಿದೆ ಎಂದು ಕೇಳುಗ ಒಪ್ಪದಿದ್ದರೆ ರೂಪಕ ನಿಲ್ಲುವುದೇ ಇಲ್ಲ. 1980ರ ದಶಕದಿಂದ ಈಚೆಗೆ ಮಹಿಳಾ ವಿದ್ವಾಂಸರು ಇದನ್ನು ನೇರವಾಗಿ ಹೇಳಿದ್ದಾರೆ. ಹೊಡೆದು, ಕೂಡಿಹಾಕಿ, ಆಮೇಲೆ ಮುದ್ದಿಸುವ ಗಂಡನ ವರ್ತನೆ ಎಂಥದ್ದೆಂದು ಅದನ್ನು ಅನುಭವಿಸಿದವರಿಗೆ ಗೊತ್ತು ಎಂದಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ವಾದ ಯಾವುದೂ ನನಗೆ ಗಟ್ಟಿಯೆನಿಸಿಲ್ಲ. ಯೆಹೆಜ್ಕೇಲನ 23ನೆಯ ಅಧ್ಯಾಯದ ಕೊನೆಯಲ್ಲಿ ‘ಇದರಿಂದ ಎಲ್ಲ ಹೆಂಗಸರೂ ಬುದ್ಧಿ ಕಲಿಯಲಿ’ ಎಂಬ ಸಾಲೇ ಇದೆ. ರೂಪಕವು ನಗರವನ್ನು ಬಿಟ್ಟು ನಿಜವಾದ ಹೆಂಗಸರ ಮೇಲೆ ಬಿದ್ದದ್ದು ಅಲ್ಲಿ.

ಆದರೂ ಹೋಶೇಯನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ್ಕನೆಯ ಅಧ್ಯಾಯದಲ್ಲಿ ರೂಪಕ ಬಿಟ್ಟು ಊರಿನ ನಿಜವಾದ ಹೆಣ್ಣುಮಕ್ಕಳ ಸುದ್ದಿ ಬಂದಾಗ ಅವನ ದೇವರು ಹೇಳುವುದೇ ಬೇರೆ: ನಿಮ್ಮ ಹೆಣ್ಣುಮಕ್ಕಳು ಸೂಳೆಯರಾದರೂ, ಸೊಸೆಯರು ಹಾದರ ಮಾಡಿದರೂ ನಾನು ಅವರನ್ನು ದಂಡಿಸುವುದಿಲ್ಲ, ಏಕೆಂದರೆ ಗಂಡಸರಾದ ನೀವೇ ವೇಶ್ಯೆಯರ ಸಂಗಡ ಹೋಗುತ್ತೀರಿ. ಕ್ರಿ.ಪೂ. ಎಂಟನೆಯ ಶತಮಾನದ ಗಂಡಸೊಬ್ಬನ ಬಾಯಲ್ಲಿ ಬಂದ ಮಾತು ಇದು. ಉಪದೇಶಗಳಲ್ಲಿ ಇದನ್ನು ಓದಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಈ ರೂಪಕವನ್ನು ಕಟ್ಟಿದವರ ಸ್ವಂತ ಸಂಸಾರಗಳೂ ಅವರ ಪ್ರವಾದನೆಗೆ ಸುಂಕ ತೆತ್ತವು. ಹೋಶೇಯನದು ನೋಡಿದಿರಿ. ಯೆರೆಮೀಯನಿಗೆ ಮದುವೆಯೇ ಆಗಬೇಡ ಎಂಬ ಆಜ್ಞೆ, ಮದುಮಕ್ಕಳ ದನಿ ನಿಲ್ಲುವ ಕಾಲ ಬರುತ್ತಿದೆಯೆಂದು. ಯೆಹೆಜ್ಕೇಲನ ಹೆಂಡತಿ, ‘ಕಣ್ಣಿಗೆ ಆನಂದವಾದವಳು’, ಒಂದು ಸಂಜೆ ಸತ್ತಳು. ಅಳಬೇಡ ಎಂದು ಅವನಿಗೆ ಅಪ್ಪಣೆಯಾಯಿತು, ದೇವಾಲಯ ಬಿದ್ದಾಗ ಜನರೂ ಹಾಗೆಯೇ ಅಳಲಾಗದೆ ನಿಲ್ಲುವರೆಂಬ ಗುರುತಿಗಾಗಿ. ದಾಂಪತ್ಯಕ್ಕೆ ಮಾದರಿ ಬೇಕೆಂದು ಇವರ ಮನೆಗಳಿಗೆ ಹೋದರೆ ಸಿಗುವುದು ಇಷ್ಟೇ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಸರಿಯಲ್ಲ. ಪ್ರವಾದಿಗಳು ಮದುವೆಯನ್ನು ಹಿಡಿದು ದೇವರ ವಿಷಯ ಹೇಳಿದರು. ದೇವರನ್ನು ಹಿಡಿದು ಗಂಡಂದಿರಿಗೆ ಪಟ್ಟ ಕಟ್ಟಲಿಲ್ಲ. ಆ ಕೊಂಡಿಯನ್ನು ಹಿಂದುಮುಂದು ಮಾಡಿದಾಗ ಗಂಡ ದೇವರ ಕುರ್ಚಿಯಲ್ಲಿ ಕೂರುತ್ತಾನೆ, ಹೆಂಡತಿ ಹುಟ್ಟಾ ಅಪರಾಧಿಯಾಗುತ್ತಾಳೆ. ಮುಂದೆ ಹೊಸ ಒಡಂಬಡಿಕೆಯ ಎಫೆಸದವರ ಪತ್ರದಲ್ಲಿ ಕ್ರಿಸ್ತನನ್ನೂ ಅವನ ಭಕ್ತರ ಸಭೆಯನ್ನೂ ಗಂಡಹೆಂಡಿರಿಗೆ ಹೋಲಿಸ ಹೊರಟಾಗ ಅಲ್ಲಿಯೂ ಗಂಡನ ಪಾಲಿಗೆ ಬಂದದ್ದು ಪ್ರಾಣ ಕೊಡುವ ಕೆಲಸ. ಅದು ಬೇರೆಯೇ ಚರ್ಚೆ, ಇಲ್ಲಿ ಬೇಡ.

ಮನುಷ್ಯರ ಮದುವೆಗೇ ನೇರವಾಗಿ ಒಡಂಬಡಿಕೆಯ ಮಾತನ್ನು ಹಚ್ಚಿದ ಪ್ರವಾದಿ ಮಲಾಕಿಯ, ಸೆರೆಯಿಂದ ಮರಳಿದವರ ಕಾಲದವನು, ಬಹುಶಃ ಎಲಿಫೆಂಟೈನಿನ ಆ ಕರಾರುಪತ್ರಗಳ ಕಾಲದವನೇ. ಅವನ ಎರಡನೆಯ ಅಧ್ಯಾಯದಲ್ಲಿ ಗಂಡಸರು ಯಜ್ಞವೇದಿಯನ್ನು ಕಣ್ಣೀರಿನಿಂದ ತೋಯಿಸಿ, ದೇವರು ನಮ್ಮ ಕಾಣಿಕೆಯನ್ನು ಏಕೆ ಒಪ್ಪುವುದಿಲ್ಲ ಎಂದು ಕೇಳುತ್ತಾರೆ. 16ನೆಯ ವಾಕ್ಯದಲ್ಲಿ ವಿಚ್ಛೇದನವನ್ನು ದೇವರು ದ್ವೇಷಿಸುತ್ತಾನೆಂಬ ಪ್ರಸಿದ್ಧ ಮಾತಿದೆ. ಅದರ ಹೀಬ್ರೂ ಮೂಲದ ಬರಹ ಕೆಟ್ಟಿದೆ, ಹಳೆಯ ಗ್ರೀಕ್ ಅನುವಾದದಲ್ಲೂ ಮೃತಸಮುದ್ರದ ಬಳಿ ಸಿಕ್ಕ ಹಳೆಯ ಸುರುಳಿಯಲ್ಲೂ ‘ದ್ವೇಷವಿದ್ದರೆ ಕಳುಹಿಸಿಬಿಡು’ ಎಂದಿದೆ, ಆದ್ದರಿಂದ ಅದರ ಮೇಲೆ ಮನೆ ಕಟ್ಟಬೇಡಿ. 14ನೆಯ ವಾಕ್ಯದಲ್ಲಿ ಆ ತೊಡಕಿಲ್ಲ. ಯೌವನದಲ್ಲಿ ಕೈಹಿಡಿದವಳು ನಿನ್ನ ಜೊತೆಗಾತಿ, ನಿನ್ನ ಒಡಂಬಡಿಕೆಯ ಹೆಂಡತಿ. ನೀನು ಅವಳಿಗೆ ದ್ರೋಹ ಮಾಡಿದೆ, ನಿಮ್ಮಿಬ್ಬರ ನಡುವೆ ಯೆಹೋವನು ಸಾಕ್ಷಿಯಾಗಿದ್ದಾನೆ. ಈ ವಾಕ್ಯದಲ್ಲಿ ದೇವರು ಗಂಡನ ಜಾಗದಲ್ಲಿ ಇಲ್ಲ, ಹೆಂಡತಿಯ ಪರವಾಗಿ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದಾನೆ. ಮುಂದಿನ ಮದುವೆಗೆ ಯಾವುದನ್ನು ಓದಬೇಕೆಂದು ಆ ಉಪದೇಶಕರು ಕೇಳಿದರೆ ಇದನ್ನು ತೋರಿಸಿ.